ಮೊದಲ ಬಾಲ್ ಮಾತ್ರ ಜೋರಾಗಿ ಹೋಗುತ್ತಿದ್ದರೆ: ಪೇಂಟ್‌ಬಾಲ್ ರೆಗ್ಯುಲೇಟರ್ ಬಿಚ್ಚಿ ಸೀಟ್ ಬದಲಿಸುವುದು

ಎರಡು ನಿಮಿಷ ಸುಮ್ಮನಿದ್ದ ಮಾರ್ಕರ್‌ನಿಂದ (ಪೇಂಟ್‌ಬಾಲ್ ಬಂದೂಕು) ಮೊದಲ ಬಾಲ್ 310 ಎಫ್‌ಪಿಎಸ್ (ಸೆಕೆಂಡಿಗೆ ಅಡಿ), ಅದರ ಹಿಂದೆ ಬಂದವು 280. ಬಾಲಿನ ವೇಗ ಅಳೆಯುವ ಕ್ರೋನೋಗ್ರಾಫ್ ಹೀಗೆ ತೋರಿಸಿದಾಗ ಎಲ್ಲರ ಕೈ ಹೋಗುವುದು ವೇಗದ ತಿರುಪಿಗೆ. ಅದನ್ನು ತಗ್ಗಿಸಿದರೆ ಮೊದಲ ಬಾಲ್ ಮಿತಿಯೊಳಗೆ ಬರುತ್ತದೆ, ಆದರೆ ಉಳಿದವು ಗುರಿ ಮುಟ್ಟುವ ಮೊದಲೇ ನೆಲಕ್ಕೆ ಬೀಳುತ್ತವೆ. ದೋಷ ತಿರುಪಿನದ್ದಲ್ಲ. ಟ್ಯಾಂಕಿನ ಗಾಳಿಯ ಒತ್ತಡ ತಗ್ಗಿಸಿ ಕೊಡುವ ರೆಗ್ಯುಲೇಟರ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ, ಅಷ್ಟೇ. ಇದನ್ನೇ ಕ್ರೀಪ್ ಅನ್ನುವುದು.

ಒಳಗೆ ನಡೆಯುವುದು ಇಷ್ಟು. ಟ್ಯಾಂಕಿನಿಂದ ಸುಮಾರು 800–850 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದ ಗಾಳಿ ಬರುತ್ತದೆ. ಹೆಚ್ಚಿನ ಎಲೆಕ್ಟ್ರಾನಿಕ್ ಮಾರ್ಕರ್‌ಗೆ ಬೇಕಾದದ್ದು 150–200. ಗಾಳಿ ಪಿಸ್ಟನ್ನಿನ ಟೊಳ್ಳು ಕಾಂಡದ ಮೂಲಕ ಮೇಲಿನ ಕೋಣೆಗೆ ಹೋಗಿ, ಅಲ್ಲಿಂದ ಪಿಸ್ಟನ್ನಿನ ಅಗಲ ತಲೆಯನ್ನು ಸ್ಪ್ರಿಂಗ್‌ಗೆ ಎದುರಾಗಿ ಒತ್ತುತ್ತದೆ. ಒತ್ತಡ ಸಾಕಷ್ಟಾದಾಗ ಕಾಂಡದ ತೆಳು ತುದಿ ಮೆತ್ತಗಿನ ಸೀಟ್ ಮೇಲೆ ಕೂತು ಗಾಳಿಯನ್ನು ತಡೆಯುತ್ತದೆ. ಆ ತುದಿಗೂ ಸೀಟಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಒತ್ತಡ ನಿಧಾನಕ್ಕೆ ಏರುತ್ತಲೇ ಹೋಗುತ್ತದೆ.

ಬಿಚ್ಚುವ ಮೊದಲು ನಾನು ಒತ್ತಡ ತೋರಿಸುವ ಗೇಜ್ ನೋಡುತ್ತೇನೆ. ಬಾಲ್ ಹಾಕದೆ ಒಮ್ಮೆ ಹೊಡೆದಾಗ ಮುಳ್ಳು ಕುಸಿದು ತಕ್ಷಣ 180ಕ್ಕೆ ಮರಳಿ ಅಲ್ಲೇ ನಿಂತರೆ ರೆಗ್ಯುಲೇಟರ್ ಚೆನ್ನಾಗಿದೆ. 180ಕ್ಕೆ ಬಂದು, ಆಮೇಲೆ ಎರಡು ನಿಮಿಷದಲ್ಲಿ 210 ದಾಟಿದರೆ ಕ್ರೀಪ್. ಇನ್ನು ಸತತವಾಗಿ ಹೊಡೆಯುವಾಗ ವೇಗ ಕುಸಿಯುವುದು ಬೇರೆಯೇ ರೋಗ: ಫಿಲ್ಟರ್ ಕಟ್ಟಿರಬಹುದು, ಪಿಸ್ಟನ್ ಒಣಗಿರಬಹುದು, ಟ್ಯಾಂಕಿನ ರೆಗ್ಯುಲೇಟರೇ ಸೋತಿರಬಹುದು. ಬೇರೆ ಟ್ಯಾಂಕ್ ಹಾಕಿ ನೋಡಿದರೆ ಅನುಮಾನ ಅರ್ಧ ಕಡಿಮೆಯಾಗುತ್ತದೆ. ರೆಗ್ಯುಲೇಟರ್ ಮೈಮೇಲಿನ ಚಿಕ್ಕ ತೂತಿನಿಂದ ಸೋರುತ್ತಿದ್ದರೆ ಪಿಸ್ಟನ್ನಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ. ಕಾಂಡದ್ದೋ ತಲೆಯದ್ದೋ ಎಂದು ತಲೆ ಕೆಡಿಸಿಕೊಳ್ಳದೆ ಎರಡನ್ನೂ ಬದಲಿಸಿ.

ಕನ್ನಡಕ ಹಾಕಿ, ಬ್ಯಾರೆಲ್ ಕವರ್ ಹಾಕಿ, ಬಾಲ್ ತುಂಬುವ ಹಾಪರ್ ತೆಗೆದು, ಟ್ಯಾಂಕ್ ಕಳಚಿ, ಉಳಿದ ಗಾಳಿಯನ್ನು ಟ್ರಿಗರ್ ಒತ್ತಿ ಖಾಲಿ ಮಾಡಿ. ಗೇಜ್ ಸೊನ್ನೆ ತೋರಿಸಿದರೂ ಇನ್ನೆರಡು ಸಲ ಒತ್ತುವುದು ನನ್ನ ಪದ್ಧತಿ. ಒತ್ತಡವಿದ್ದಾಗ ಅಡ್ಜಸ್ಟರ್, ಅಂದರೆ ಒತ್ತಡ ಹೊಂದಿಸುವ ತಿರುಪನ್ನು, ಪೂರ್ತಿ ಬಿಚ್ಚಿದರೆ ಅದು ಸಿಡಿದು ಬರುತ್ತದೆ.

ಅಡ್ಜಸ್ಟರ್ ತೆಗೆಯುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ ಬರೆದಿಡಿ. ಒಳಗೆ ಬಟ್ಟಲಿನಾಕಾರದ ವಾಷರ್‌ಗಳ ಸ್ಪ್ರಿಂಗ್ ಇದ್ದರೆ, ಕೆಳಗಿಡುವ ಮೊದಲು ಜೋಡಣೆಯ ಫೋಟೋ ತೆಗೆಯಿರಿ. ಎದುರುಬದುರು ಇರಬೇಕಾದವು ಒಂದೇ ದಿಕ್ಕಿಗೆ ಕೂತರೆ ಸ್ಪ್ರಿಂಗ್ ಬಿರುಸಾಗಿ ಒತ್ತಡದ ಲೆಕ್ಕವೇ ಬದಲಾಗುತ್ತದೆ.

ಈಗ ಸೀಟ್. ಅದರ ಮೇಲೆ ಕಾಂಡದ ತುದಿ ಒತ್ತಿದ ದುಂಡು ಗೆರೆ ಇದ್ದೇ ಇರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಗೆರೆ ತೆಳುವಾಗಿ, ಒಂದೇ ಸಮನಾಗಿದ್ದರೆ ಸೀಟ್ ಇನ್ನೂ ಬಾಳುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿದ್ದರೆ, ಅಥವಾ ಒಂದರ ಮೇಲೊಂದು ಹಾದ ಎರಡು ಗೆರೆಗಳಿದ್ದರೆ ಎಸೆಯಿರಿ. ಎರಡು ಗೆರೆ ಎಂದರೆ ತುದಿ ಪ್ರತಿಸಲ ಒಂದೇ ಜಾಗದಲ್ಲಿ ಕೂರುತ್ತಿಲ್ಲ. ಗೆರೆಯೊಳಗೆ ಹೊಳೆಯುವ ಲೋಹದ ಚೂರು ಸಿಕ್ಕಿದರೆ ಫಿಲ್ಟರನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಸೀಟಿಗೂ ಅದೇ ಗತಿ.

ಸೀಟ್ ಬದಲಿಸಿದ ಮೇಲೂ ಕ್ರೀಪ್ ಉಳಿದರೆ ತಪ್ಪು ಪಿಸ್ಟನ್ನಿನ ತುದಿಯದ್ದು. ಚೂರು ಹತ್ತಿ ತೆಗೆದುಕೊಂಡು ಆ ತುದಿಯ ಸುತ್ತ ಹಗುರವಾಗಿ ಸವರಿ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಕಚ್ಚು ಬಿದ್ದಿದೆ. ಅದನ್ನು ಉಜ್ಜಿ ಸರಿಮಾಡಲು ಹೋಗಬೇಡಿ, ಅಂಚು ಇನ್ನಷ್ಟು ಓರೆಯಾಗುತ್ತದೆ. ಪಿಸ್ಟನ್ನನ್ನೇ ಬದಲಿಸಿ. ಸ್ಟೀಲ್ ಪಿಕ್ ನನ್ನ ಮೇಜಿನ ಮೇಲೆ ಇರದಿರುವುದಕ್ಕೆ ಕಾರಣವೂ ಇದೇ: ಅದು ಈ ತುದಿಯನ್ನೂ ಓ-ರಿಂಗ್ ಕೂರುವ ತೋಡನ್ನೂ ಗೀರುತ್ತದೆ. ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಪಿಕ್ ಸಾಕು.

ಓ-ರಿಂಗ್ ಕೊಳ್ಳುವಾಗ ಕಣ್ಣಳತೆ ನಂಬಬೇಡಿ. 010 ಸಂಖ್ಯೆಯ ರಿಂಗಿನ ಒಳವ್ಯಾಸ 6.07 ಮಿ.ಮೀ., ದಪ್ಪ 1.78 ಮಿ.ಮೀ. ಅದೇ ಗಾತ್ರ ಎಂದುಕೊಂಡು 6×2 ಹಾಕಿದರೆ ಕೂರುತ್ತದೆ, ಆದರೆ ಪಿಸ್ಟನ್ ಬಿಗಿಯಾಗಿ ಪ್ರತಿ ಹೊಡೆತಕ್ಕೂ ಬೇರೆ ಒತ್ತಡ ಬರುತ್ತದೆ. ಗಡಸುತನವನ್ನೂ ನೋಡಿ: ಕೈಪಿಡಿ 90 ಡ್ಯೂರೋ ಕೇಳಿದ ಕಡೆ 70 ಹಾಕಬೇಡಿ, ಹೆಚ್ಚಿನ ಒತ್ತಡಕ್ಕೆ ಅದು ಸಂದಿಗೆ ನುಗ್ಗಿ ಹರಿಯುತ್ತದೆ.

ಗ್ರೀಸ್ ಎಂದರೆ ಡೌ 33 ಅಥವಾ ಮಾರ್ಕರ್ ತಯಾರಕರು ಹೇಳಿದ್ದು, ಓ-ರಿಂಗ್ ಹೊಳೆಯುವಷ್ಟು ಮಾತ್ರ. ಸೀಟಿಗೆ, ಕಾಂಡದ ತುದಿಗೆ ಬೇಡ. ಡೌ 55 ರಬ್ಬರನ್ನು ತುಸು ಉಬ್ಬಿಸುವ ಗ್ರೀಸ್. ಜಾರಬೇಕಾದ ಪಿಸ್ಟನ್ನಿಗೆ ನಾನು ಅದನ್ನು ಹಾಕುವುದಿಲ್ಲ. ಪೆಟ್ರೋಲಿಯಂ ಎಣ್ಣೆಯನ್ನಂತೂ ಅಧಿಕ ಒತ್ತಡದ ಗಾಳಿಯ ಹತ್ತಿರವೂ ತರಬೇಡಿ. ಗಾಳಿ ಒಮ್ಮೆಲೇ ನುಗ್ಗಿದಾಗ ಹುಟ್ಟುವ ಬಿಸಿಗೆ ಅದು ಹೊತ್ತಿಕೊಳ್ಳಬಹುದು.

ಜೋಡಿಸಿ, ಬರೆದಿಟ್ಟಷ್ಟು ಸುತ್ತು ತಿರುಗಿಸಿ, ಗಾಳಿ ಕೊಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ಸ್ಪ್ರಿಂಗನ್ನು ಒತ್ತುವ ಅಡ್ಜಸ್ಟರ್ ಒಳಗೆ ಹೋದಷ್ಟೂ ಒತ್ತಡ ಏರುತ್ತದೆ, ಸೀಟನ್ನೇ ಸರಿಸುವ ಅಡ್ಜಸ್ಟರ್ ಒಳಗೆ ಹೋದಷ್ಟೂ ಇಳಿಯುತ್ತದೆ. ನಿಮ್ಮದು ಯಾವುದೆಂದು ತಿಳಿಯದೆ ಒಂದು ಸುತ್ತೂ ತಿರುಗಿಸಬೇಡಿ. ಕಾಲು ಸುತ್ತು, ನಾಲ್ಕು ಖಾಲಿ ಹೊಡೆತ, ಮತ್ತೆ ಗೇಜ್.

ಹೊಸ ಸೀಟ್ ಮೇಲೆ ತುದಿಯ ಗೆರೆ ಬೀಳುವವರೆಗೆ ಮುಳ್ಳು ತುಸು ಅಲೆದಾಡುತ್ತದೆ. ಐವತ್ತು ಖಾಲಿ ಹೊಡೆತ ಹೊಡೆದು ಅರ್ಧ ಗಂಟೆ ಗಾಳಿ ತುಂಬಿದಂತೆಯೇ ಇಡಿ. ಮುಳ್ಳು ಕದಲದಿದ್ದರೆ ಮಾತ್ರ ಕ್ರೋನೋಗ್ರಾಫ್ ಮುಂದೆ ನಿಂತು 280ಕ್ಕೆ ಹೊಂದಿಸಿ. ಆಮೇಲೆ ಎರಡು ನಿಮಿಷ ಬಿಟ್ಟು ಹೊಡೆದ ಬಾಲ್ ಎಷ್ಟು ತೋರಿಸಿತೆಂದು ನೋಡಿ.