ಸೋಮವಾರಪೇಟೆ ಮಂಜಿನಲ್ಲಿ ಹನಿ ಕಾಫಿ: ನನ್ನ ಅನುಭವ

"ನಮ್ಮ ಕಡೆ ಮಂಜಿಗೆ ಹನಿ ಕಾಫಿ ಒಣಗಲ್ಲ." ಹನಿ ಅಂದರೆ ಇಲ್ಲಿ ನೀರಿನ ಹನಿಯಲ್ಲ, ಇಂಗ್ಲಿಷಿನ ಜೇನು; ಕಾಫಿ ಒಣಗಿಸುವ ಒಂದು ಬಗೆಗೆ ಆ ಹೆಸರು. ಮೂರು ವರ್ಷ ಈ ಮಾತು ಕೇಳಿದ್ದೇನೆ. ಅಪ್ಪ ಹೇಳಿದರು, ದೊಡ್ಡಪ್ಪ ಹೇಳಿದರು. ಕಾಫಿ ಕೊಳ್ಳುವ ವ್ಯಾಪಾರಿಯೊಬ್ಬರು ಅಂಗಡಿಯಲ್ಲಿ ನಾಲ್ಕು ಜನರೆದುರು, "ಓದಿದ ಹುಡುಗಿ, ಸುಮ್ನೆ ಹಣ್ಣು ಹಾಳು ಮಾಡ್ತಾ ಇದ್ದೀಯಲ್ಲಮ್ಮ" ಅಂದರು. 2024-25ರ ಕುಯ್ಲಿನಲ್ಲಿ ಒಣಗಿತು. ಸುಮಾರು 210 ಕೆಜಿ ಬೀಜ, ಬೂಷ್ಟು ಹಿಡಿಯದೆ, ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವ ಇಬ್ಬರು ರೋಸ್ಟರ್‌ಗಳ ಕೈ ಸೇರಿತು. ಅದಕ್ಕೇ ಬರೆಯುತ್ತಿದ್ದೇನೆ.

ಪಲ್ಪರ್ ಅನ್ನೋ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆದ ಮೇಲೆ (ಇದಕ್ಕೇ ಪಲ್ಪ್ ಮಾಡುವುದು ಅನ್ನೋದು) ಬೀಜದ ಸುತ್ತ ಅಂಟು ಉಳಿಯುತ್ತದೆ. ನಮ್ಮಮ್ಮನಿಗೆ ಮಾತ್ರ ಬಹಳ ದಿನ ಅನುಮಾನವಿತ್ತು, ಜೇನನ್ನು ಯಾವಾಗ ಹಾಕುತ್ತೇನೆ ಅಂತ. ಅಂಟು ತೊಳೆಯದೆ ಹಾಗೇ ಒಣಗಿಸುತ್ತೇವೆ, ಅಷ್ಟೆ. ಆ "ಅಷ್ಟೆ" ಅನ್ನೋದರಲ್ಲೇ ನನ್ನ ಎರಡು ವರ್ಷ ಹೋಯಿತು.

ನಮ್ಮದು ನಾಲ್ಕು ಎಕರೆ ತೋಟ. ಹೆಚ್ಚಿನದು ಅರೇಬಿಕಾ ಕಾಫಿ, ಎಸ್. 795 ತಳಿಯ ಹಳೆಯ ಗಿಡಗಳು, ಮಧ್ಯೆ ಸ್ವಲ್ಪ ಚಂದ್ರಗಿರಿ ತಳಿ. ನಾನು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ನೆಟ್‌ವರ್ಕ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ. ಹಾಗಾಗಿ ಲ್ಯಾಪ್‌ಟಾಪ್ ಅಲ್ಲೇ, ಕಾಫಿಯೂ ಅಲ್ಲೇ. ಸಂಬಳ ಇದ್ದಿದ್ದಕ್ಕೇ ಎರಡು ವರ್ಷದ ನಷ್ಟ ತಡೆದುಕೊಂಡೆ. ತೋಟದ ದುಡ್ಡನ್ನೇ ನಂಬಿದ್ದರೆ ಮೊದಲ ವರ್ಷಕ್ಕೇ ಅಪ್ಪ ಪಲ್ಪರ್‌ಗೆ ಬೀಗ ಹಾಕುತ್ತಿದ್ದರು.

ಮೊದಲ ವರ್ಷ, 2022-23. ಒಂದು 180 ಕೆಜಿ ಹಣ್ಣು. ಪಲ್ಪ್ ಮಾಡಿ ಕಣದ ಮೇಲೆ ಟಾರ್ಪಾಲ್ ಹಾಸಿ ಹರಡಿದೆ. ಅಂಟು ಹಲಸಿನ ಮೇಣದ ಹಾಗೆ ಟಾರ್ಪಾಲಿಗೆ ಕಚ್ಚಿಕೊಂಡಿತು. ಸಂಜೆ ರಾಶಿ ಮಾಡಿ ಮುಚ್ಚಿದೆ. ಅಲ್ಲೇ ತಪ್ಪಿದ್ದು. ಬೆಳಿಗ್ಗೆ ತೆಗೆದರೆ ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ. ಮೂರನೇ ದಿನ ಕಡಲೆ ಚಿಕ್ಕಿಯಂತೆ ಗಟ್ಟಿ ಉಂಡೆಗಳು. ಒಡೆದು ನೋಡಿದರೆ ಒಳಗೆ ಬಿಳಿ ಬೂಷ್ಟು. ಒಂಬತ್ತು ಹತ್ತು ಸಾವಿರ ಹೋಯಿತು, ಗೊಬ್ಬರದ ಗುಂಡಿಗೆ.

ಎರಡನೇ ವರ್ಷ ನೆಲ ಬಿಟ್ಟು ಮೇಜು ಕಟ್ಟಿದೆ. ಬಿದಿರು ನಮ್ಮದೇ, ಕಂಬಕ್ಕೆ ಸಿಲ್ವರ್ ಮರವೂ ನಮ್ಮದೇ. ಮೇಲೆ ಹಸಿರು ಶೇಡ್ ನೆಟ್ ಕಟ್ಟಿದೆ, 4,500 ರೂಪಾಯಿ ಕೊಟ್ಟು. ಬಿಸಿಲು ದೇಶದವರ ವೀಡಿಯೋ ನೋಡಿ ಮಾಡಿದ್ದದು. ಅಲ್ಲಿ ಬಿಸಿಲು ಜಾಸ್ತಿ, ನೆರಳು ಬೇಕು. ನಮ್ಮಲ್ಲಿ ಪುಷ್ಪಗಿರಿ ಕಡೆಯಿಂದ ಮೋಡ ಇಳಿದರೆ ಹತ್ತು ಗಂಟೆವರೆಗೆ ಸೂರ್ಯನೇ ಇಲ್ಲ. ಇರುವ ನಾಲ್ಕು ಗಂಟೆ ಬಿಸಿಲಿಗೂ ನಾನು ಪರದೆ ಕಟ್ಟಿದ ಹಾಗಾಯಿತು. ಪದರವೂ ದಪ್ಪ, ಎರಡು ಇಂಚಿಗಿಂತ ಜಾಸ್ತಿ. ತೇವಾಂಶ ಶೇ. 14ಕ್ಕೆ ಬಂದು ನಿಂತಿದ್ದು ಒಂದು ವಾರ ಅಲ್ಲಾಡಲಿಲ್ಲ. ಕೊನೆಗೆ ಒಣಗಿತು ಅಂದುಕೊಂಡು ಒಬ್ಬ ರೋಸ್ಟರ್ ಹತ್ತಿರ ಸ್ಯಾಂಪಲ್ ತೆಗೆದುಕೊಂಡು ಹೋದರೆ, ರುಚಿ ನೋಡಿದವರು ಲೋಟ ಕೆಳಗಿಟ್ಟು "ಈರುಳ್ಳಿ" ಅಂದರು. ಒಂದೇ ಪದ. ಬಸ್ಸಿನಲ್ಲಿ ವಾಪಸ್ ಬರುವಾಗ ಹುಣಸೂರು ದಾಟುವವರೆಗೂ ಆ ಪದ ಕಿವಿಯಲ್ಲೇ ಇತ್ತು. ಆ ಮಾಲನ್ನು ಸಿಕ್ಕಿದ ರೇಟಿಗೆ ಕೊಟ್ಟೆ. ಎಂಟು ಸಾವಿರದಷ್ಟು ಕಮ್ಮಿ ಬಂತು.

ಆ ಮಳೆಗಾಲವೆಲ್ಲ ಒಂದೇ ಯೋಚನೆ. ಬಿಸಿಲು ನಮ್ಮ ಕೈಯಲ್ಲಿಲ್ಲ, ಗಾಳಿ ಇದೆ. ಮೇಜಿನ ಜಾಗವನ್ನೇ ಬದಲಾಯಿಸಿದೆ. ಕಣದ ಪಕ್ಕದಿಂದ ತೆಗೆದು, ಗುಡ್ಡದ ಅಂಚಿಗೆ, ಮಧ್ಯಾಹ್ನ ಗಾಳಿ ಹತ್ತಿ ಬರುವ ಕಡೆಗೆ. ಮೇಜಿನ ಎತ್ತರ ಸೊಂಟದಿಂದ ಒಂದು ಗೇಣು ಕೆಳಗೆ. ಮೇಲೆ 200 ಮೈಕ್ರಾನ್ ಪಾರದರ್ಶಕ ಯುವಿ (ಬಿಸಿಲಿಗೆ ಬೇಗ ಹಾಳಾಗದ) ಪ್ಲಾಸ್ಟಿಕ್ ಶೀಟು, ಪಕ್ಕಗಳು ಪೂರ್ತಿ ಖಾಲಿ. ನಾಲ್ಕಡಿ ಅಗಲ, ಇಪ್ಪತ್ತಡಿ ಉದ್ದದ ಮೂರು ಮೇಜು. ಶೀಟು, ನೆಟ್ಟು, ಆಚಾರಿ ಕೂಲಿ ಎಲ್ಲ ಸೇರಿ 28 ಸಾವಿರದ ಹತ್ತಿರ. ತೇವಾಂಶ ಅಳೆಯುವ ಸೆಕೆಂಡ್ ಹ್ಯಾಂಡ್ ಮಾಯಿಶ್ಚರ್ ಮೀಟರ್ ಒಂಬತ್ತು ಸಾವಿರ. ಮೀಟರ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ. ಹಲ್ಲಿನಲ್ಲಿ ಕಚ್ಚಿ ನೋಡಿ ಹೇಳುವವರು ನಮ್ಮ ಊರಿನಲ್ಲೂ ಇದ್ದಾರೆ, ತೊಳೆದ ಪಾರ್ಚ್‌ಮೆಂಟಿಗೆ (ಅಂಟು ತೊಳೆದು ಒಳಸಿಪ್ಪೆ ಸಮೇತ ಒಣಗಿಸಿದ ಬೀಜಕ್ಕೆ) ಅದು ನಡೆಯುತ್ತದೆ. ಹನಿಯಲ್ಲಿ ಹೊರಗಿನ ಅಂಟು ಒಣಗಿ ಗಲಗಲ ಅನ್ನುತ್ತದೆ, ಒಳಗೆ ತೇವಾಂಶ ಇನ್ನೂ ಶೇ. 13 ಇರುತ್ತದೆ.

ಹಣ್ಣು ಪೂರ್ತಿ ಕೆಂಪು ಮಾತ್ರ. ಬಿಡಿಸಲು ಬರುವ ಅಕ್ಕಂದಿರಿಗೆ ಕೆಜಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟೆ. ನೀರಿಗೆ ಹಾಕಿ ಜೊಳ್ಳು ತೇಲಿಸಿ ತೆಗೆದೆ. ಪದರ ಒಂದು ಇಂಚು, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ. ಮೊದಲ ಎರಡು ದಿನ ಅರ್ಧ ಗಂಟೆಗೊಮ್ಮೆ ಕೈಯಾಡಿಸಬೇಕು. ಹಲಗೆ, ಕುಂಟೆ ಬೇಡ, ಕೈ ಬೆರಳೇ ಆಗಬೇಕು. ಆಗ ಅಂಟು ಬೆರಳಿಗೆ ಹತ್ತಿ ಎಳೆ ಎಳೆಯಾಗಿ ಬರುತ್ತದೆ. ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಎಳೆ ನಿಂತು, ಕಾಳು ಕಾಳಿಗೆ ಸುಮ್ಮನೆ ತಾಗಿಕೊಂಡಿರುತ್ತದೆ, ಬೆರಳಿಟ್ಟರೆ ಬಿಡಿಸಿಕೊಳ್ಳುತ್ತದೆ. ಬಣ್ಣ ಹಳೇ ಬೆಲ್ಲದ್ದು. ಅಲ್ಲಿಗೆ ಬಂದರೆ ಅರ್ಧ ಗೆದ್ದ ಹಾಗೆ. ಮೊದಲ ಎರಡು ರಾತ್ರಿ ಮೇಜಿನ ಮೇಲಿನ ಕಾಫಿಗೆ ನಾನು ಏನು ಮಾಡುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಕಳೆದುಕೊಂಡು ಕಲಿತದ್ದು. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಮೊದಲ ಲಾಟ್ ಮೇಜಿನ ಮೇಲಿದ್ದಾಗಲೇ ಫೆಂಗಲ್ ಚಂಡಮಾರುತದ ಮಳೆ ಬಂತು, 2024ರ ಡಿಸೆಂಬರ್ ಮೊದಲ ವಾರ. ಜಿಲ್ಲೆಯಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ಕಣದಲ್ಲಿ ಕಾಫಿ ಹರಡಿದ್ದವರೆಲ್ಲ ರಾತ್ರಿ ಟಾರ್ಚ್ ಹಿಡಿದು ಬಾಚುತ್ತಿದ್ದರು. ನಮ್ಮದೂ ತೊಳೆದ ಪಾರ್ಚ್‌ಮೆಂಟ್ ಕಣದಲ್ಲೇ ಇತ್ತು, ಅಪ್ಪ ಮತ್ತು ನಾನು ಹನ್ನೊಂದು ಗಂಟೆವರೆಗೆ ಒಳಗೆ ಸಾಗಿಸಿದೆವು. ಹನಿ ಮೇಜಿನ ಹತ್ತಿರ ಹೋಗಲು ನನಗೆ ಧೈರ್ಯವೇ ಇರಲಿಲ್ಲ. ಕೊನೆಗೆ ಹೋಗಿ ನೋಡಿದರೆ ಶೀಟು ಒಂದು ಕಡೆ ಹರಿದಿತ್ತು, ಎರಡು ಮೊಳದಷ್ಟು. ಅದರ ಕೆಳಗಿನ ಕಾಳು ಮಾತ್ರ ನೆನೆದಿತ್ತು. ಒಂದು ಹತ್ತು ಕೆಜಿ ಬೇರೆ ಮಾಡಿ ತೆಗೆದೆ. ಉಳಿದದ್ದು ಮಳೆ ನಿಂತ ಮೇಲೆ ಮತ್ತೆ ದಾರಿಗೆ ಬಂತು. ಹತ್ತೊಂಬತ್ತು ದಿನ ಹಿಡಿಯಿತು. ಆಮೇಲಿನ ಎರಡು ಲಾಟ್ ಹದಿನಾಲ್ಕು, ಹದಿನೈದು ದಿನಕ್ಕೇ ಶೇ. 10.8 ತೇವಾಂಶಕ್ಕೆ ಇಳಿದವು.

ಮಧ್ಯದಲ್ಲಿ ಕೈ ಸುಮ್ಮನಿರಲಿಲ್ಲ. ನೀಲಿ ಡ್ರಮ್ಮಿಗೆ 30 ಕೆಜಿ ಹಣ್ಣು ತುಂಬಿ ಗಾಳಿಯಾಡದಂತೆ ಮುಚ್ಚಿ ಮೂರು ದಿನ ಇಟ್ಟೆ. ತೆಗೆದಾಗ ಕಾಚಂಪುಳಿಯ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ವಾಸನೆ, ಮೂಗು ಸುಡುವಷ್ಟು. ಇನ್ನೊಂದು ಸಲ ಎರಡೇ ದಿನ ಇಟ್ಟೆ, ಅದು ಚೆನ್ನಾಗಿತ್ತು, ಆದರೆ ಪ್ರಮಾಣ ಸಾಲದು. ಪಲ್ಪ್ ಆದ ಸಿಪ್ಪೆಯನ್ನು ಒಣಗಿಸಿ ಕುದಿಸಿ ಕುಡಿದೆವು. ಒಣದ್ರಾಕ್ಷಿ ನೆನೆಸಿದ ನೀರಿನ ರುಚಿ, ಸ್ವಲ್ಪ ಹುಳಿ. ಅಜ್ಜಿಗೆ ಬಹಳ ಇಷ್ಟವಾಯಿತು, ಏಲಕ್ಕಿ ಹಾಕಿಸಿಕೊಂಡು ಕುಡಿಯುತ್ತಾರೆ. ಮಾರಲು ನೋಡಿಲ್ಲ, ನೋಡಬೇಕು.

ಒಣಗಿಸುವುದಕ್ಕಿಂತ, ಒಣಗಿದ ಬೀಜದ ಒಳಸಿಪ್ಪೆ ತೆಗೆಸುವುದೇ ದೊಡ್ಡ ತಲೆನೋವು. ಕುಶಾಲನಗರದ ಕಡೆ ಈ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ "ಆರು ಮೂಟೆಗೆಲ್ಲ ಮೆಷಿನ್ ಓಡಿಸೋಕಾಗಲ್ಲ" ಅಂದರು. ಸಿಪ್ಪೆ ತೆಗೆಯುವ ಸಣ್ಣ ಹಲ್ಲರ್ ಯಂತ್ರ ಇರುವ ಒಬ್ಬರು ಸಿಕ್ಕಿದರು, ಅವರ ಮಾಲು ಮುಗಿದ ಮೇಲೆ ರಾತ್ರಿ ಹೊತ್ತು ಹಾಕಿಕೊಟ್ಟರು. ನಾಲ್ಕು ಸಾವಿರ ತೆಗೆದುಕೊಂಡರು, ಕೊಡಬಹುದಾದ ದುಡ್ಡು.

ಮಾರಾಟಕ್ಕೆ ನಾನೇ ಹೋದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದದ್ದು ನನಗೆ ಎಷ್ಟು ಅನುಕೂಲವಾಯಿತು ಅಂದರೆ, 2024-25ರ ಚಳಿಗಾಲದಲ್ಲಿ ಆರೇಳು ಸಲ ಬೆಂಗಳೂರಿಗೆ ಹೋಗಿ ಬಂದೆ, ಟಿಕೆಟ್ ಖರ್ಚಿಲ್ಲ. ಕೆಂಪು ಬಸ್ಸು, ಆಧಾರ್ ಕಾರ್ಡು, ಕಾಲ ಕೆಳಗೆ 12 ಕೆಜಿ ಚೀಲ. ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿದು ಮೆಟ್ರೋ ಹತ್ತುವುದು. ಒಂದು ಸಲ ಮೆಟ್ರೋ ತಪಾಸಣೆಯಲ್ಲಿ ಚೀಲ ಬಿಚ್ಚಿಸಿದರು. ಅಲ್ಲಿದ್ದ ಅಕ್ಕ ಒಂದು ಹಿಡಿ ಕಾಳು ತೆಗೆದು ಮೂಸಿ, "ಏನಮ್ಮ ಇದು, ಅವರೆಬೇಳೆ ಅಲ್ವಲ್ಲ?" ಅಂದರು. ಹುರಿಯದ ಕಾಫಿ ಅಂದೆ. ಕಾಫಿ ಹೀಗಿರುತ್ತೆ ಅಂತ ಗೊತ್ತೇ ಇರಲಿಲ್ಲ ಅಂತ ಇನ್ನೊಬ್ಬರನ್ನು ಕರೆದು ತೋರಿಸಿದರು. ಐದು ನಿಮಿಷ ಅಲ್ಲೇ ನಿಂತು ಎಲ್ಲ ವಿವರಿಸಿದೆ, ಬಹಳ ಖುಷಿಯಾಯಿತು.

ಎಂಟು ಕಡೆ ಸ್ಯಾಂಪಲ್ ಕೊಟ್ಟೆ. ನಾಲ್ಕು ಕಡೆ ಉತ್ತರವೇ ಇಲ್ಲ. ಇಬ್ಬರು ಆರು ತಿಂಗಳ ಸಾಲ ಕೇಳಿದರು, ಆಗಲ್ಲ ಅಂದೆ. ಈರುಳ್ಳಿ ಅಂದವರಿಗೇ ಹಠ ಹಿಡಿದು ಮತ್ತೆ ಕೊಟ್ಟೆ. ಒಂದು ವಾರ ಬಿಟ್ಟು ಅವರೇ ಫೋನ್ ಮಾಡಿ "ಇನ್ನೆಷ್ಟಿದೆ?" ಅಂದರು. ಕೆಜಿಗೆ 950ರ ಆಸುಪಾಸು ಕುದುರಿತು.

ಈಗ ಲೆಕ್ಕ. ಅಪ್ಪನ ಪ್ರಶ್ನೆ ನ್ಯಾಯವಾದದ್ದೇ ಇತ್ತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ 50 ಕೆಜಿ ಮೂಟೆಗೆ 25,000 ದಾಟಿತ್ತು. "ಕಣ್ಣು ಮುಚ್ಚಿ ಕೊಟ್ಟರೂ ಇಷ್ಟು ಸಿಗುವಾಗ ಇದೆಲ್ಲ ಯಾಕೆ?" ಅಂದರು. ನನ್ನ 1,500 ಕೆಜಿ ಹಣ್ಣು ತೊಳೆದು ಪಾರ್ಚ್‌ಮೆಂಟ್ ಮಾಡಿದ್ದರೆ ಒಂದೂವರೆ ಲಕ್ಷ ಸಿಗುತ್ತಿತ್ತು. ಹನಿಯಿಂದ ಎರಡು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಆರಿಸಿ ತೆಗೆದ ಒಡಕು ಕಾಳನ್ನು ಹುರಿದು ಪುಡಿ ಮಾಡಿ ಪರಿಚಯದವರಿಗೆ ಕೊಟ್ಟದ್ದರಲ್ಲಿ ಇಪ್ಪತ್ತು ಸಾವಿರ. ಹೆಚ್ಚಿನ ಕೂಲಿ, ಹಲ್ಲರ್ ಕಳೆದರೆ ನಲವತ್ತು ಸಾವಿರದ ಮೇಲೆ ಲಾಭ. ಮೇಜು, ಶೀಟು, ಮೀಟರ್ ದುಡ್ಡು ಒಂದೇ ವರ್ಷಕ್ಕೆ ಬಂತು. ಹಳೇ ಎರಡು ವರ್ಷದ ನಷ್ಟ ಮಾತ್ರ ಇನ್ನೂ ಪೂರ್ತಿ ತೀರಿಲ್ಲ. ಬೆಲೆ ಇಳಿದ ವರ್ಷ ಈ ಅಂತರ ಇನ್ನೂ ಜಾಸ್ತಿ ಆಗುತ್ತದೆ ಅಂತ ನನ್ನ ನಂಬಿಕೆ, ಯಾಕೆಂದರೆ ನನ್ನ ರೇಟು ಅಂಗಡಿ ಬೋರ್ಡು ನೋಡಿ ಕುದುರಿದ್ದಲ್ಲ.

ಮಾರ್ಚ್‌ನಲ್ಲಿ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಮಾರನೇ ದಿನ ದೊಡ್ಡಪ್ಪ ಬಂದಿದ್ದರು. ಕಾಫಿ ಕುಡಿದು, ಏನೂ ಮಾತಾಡದೆ ಗುಡ್ಡದ ಅಂಚಿಗೆ ಹೋಗಿ, ಕೈಯಲ್ಲಿದ್ದ ಕೋಲನ್ನು ಮೇಜಿಗೆ ಒರಗಿಸಿ ಎತ್ತರಕ್ಕೆ ಒಂದು ಗುರುತು ಹಾಕಿಕೊಂಡರು. ಹೋಗುವಾಗ ಅಪ್ಪನ ಹತ್ತಿರ ಶೀಟು ಎಲ್ಲಿ ತಂದದ್ದು ಅಂತ ಕೇಳಿದರಂತೆ. ಅಪ್ಪ ಅಂಗಡಿ ಹೆಸರು ಹೇಳಿ, "ನಾವೂ ಇನ್ನೆರಡು ಮೇಜಿಗೆ ತರಬೇಕು, ಒಟ್ಟಿಗೆ ಹೋಗಣ" ಅಂದರಂತೆ.