ಮಳೆಯಲ್ಲಿ ದಿವೆ ಘಾಟ: ಪುಣೆಯಿಂದ ಸಾಸವಡಕ್ಕೆ ವಾರಿಯ ಒಂದು ದಿನ

ವಾರಿಯೆಂದರೆ ಸಂತರ ಪಲ್ಲಕ್ಕಿಯ ಜೊತೆ ಪಂಢರಪುರದ ವಿಠ್ಠಲನ ದರ್ಶನಕ್ಕೆ ಹೋಗುವ ಪಾದಯಾತ್ರೆ. ಆಳಂದಿಯಿಂದ ಪಂಢರಪುರದವರೆಗೆ ಜ್ಞಾನೇಶ್ವರರ ಪಲ್ಲಕ್ಕಿಯ ಜೊತೆ ಪೂರ್ತಿ ನಡೆಯುವಷ್ಟು ರಜೆ ಪುಣೆಯಲ್ಲಿ ನೌಕರಿ ಮಾಡುವ ನಮ್ಮ ಜನಕ್ಕೆ ಎಲ್ಲಿ ಸಿಗಬೇಕು? ಒಂದೇ ದಿನ ನಡೆಯುವುದಾದರೆ ಪುಣೆ–ಸಾಸವಡ ಹಂತವನ್ನೇ ಆರಿಸಿಕೊಳ್ಳಿ. ಸುಮಾರು 30 ಕಿಲೋಮೀಟರ್ ನಡಿಗೆ, ನಡುವೆ ದಿವೆ ಘಾಟ. ಹೊಸಬರೆಲ್ಲ ಘಾಟಿಗೆ ಹೆದರುತ್ತಾರೆ. ಅಸಲಿಗೆ ಏರು ಇರುವುದು ನಾಲ್ಕೈದು ಕಿಲೋಮೀಟರ್ ಮಾತ್ರ, ಅದೂ ಡಾಂಬರು ರಸ್ತೆ. ಜನ ಸೋಲುವುದು ಅದಕ್ಕೂ ಮೊದಲಿನ ಸಪಾಟು ರಸ್ತೆಯಲ್ಲಿ, ಇಲ್ಲವೇ ಹತ್ತಿ ಮುಗಿಸಿದ ಮೇಲೆ ಬೀಸುವ ಗಾಳಿಯಲ್ಲಿ.

ಪಲ್ಲಕ್ಕಿ ಜ್ಯೇಷ್ಠ ಬಹುಳ ಅಷ್ಟಮಿಗೆ ಆಳಂದಿ ಬಿಡುತ್ತದೆ. ಪುಣೆಯ ಭವಾನಿ ಪೇಠೆಯ ಪಾಲಖಿ ವಿಠೋಬಾ ಗುಡಿಯಲ್ಲಿ ಎರಡು ರಾತ್ರಿ ತಂಗಿ, ಮರುದಿನ ನಸುಕಿನಲ್ಲಿ ಸಾಸವಡದ ದಾರಿ ಹಿಡಿಯುತ್ತದೆ. ಅದೇ ಬೆಳಿಗ್ಗೆ ತುಕಾರಾಮರ ಪಲ್ಲಕ್ಕಿಯೂ ನಾನಾ ಪೇಠೆಯಿಂದ ಹೊರಟು ಹಡಪಸರದ ಮೇಲೆಯೇ ಲೋಣಿ ಕಾಳಭೋರಕ್ಕೆ ಹೋಗುತ್ತದೆ. ಹಡಪಸರದ ಗಾಡಿತಳದಲ್ಲಿ ಗುಂಪಿನ ಹಿಂದೆ ಸುಮ್ಮನೆ ತಲೆ ತಗ್ಗಿಸಿ ನಡೆದರೆ ಸೋಲಾಪುರ ರಸ್ತೆಗೆ ಬಿದ್ದಿರುತ್ತೀರಿ. ಅಲ್ಲಿ ಬಲಕ್ಕೆ, ಸಾಸವಡ ರಸ್ತೆಗೆ ತಿರುಗಬೇಕು. ಜೊತೆಯವರು ತಪ್ಪಿಹೋದರೆ ಎಲ್ಲಿ ಸೇರುವುದೆಂದು ಬೆಳಿಗ್ಗೆಯೇ ಮಾತಾಡಿಕೊಳ್ಳಿ. ಘಾಟಿನಲ್ಲಿ ಮೊಬೈಲ್ ನಂಬಬೇಡಿ. ನೆಟ್‌ವರ್ಕ್ ಇದ್ದರೂ ಅಷ್ಟು ಜನಕ್ಕೆ ಸಾಲುವುದಿಲ್ಲ.

ಇನ್ನೊಂದು ಸಂಗತಿ ಎಷ್ಟೋ ಮಂದಿಗೆ ಹೊರಟ ಮೇಲೆ ಗೊತ್ತಾಗುತ್ತದೆ: ಈ ನಡಿಗೆ ಬರುವುದು ಸಾಮಾನ್ಯವಾಗಿ ಯೋಗಿನಿ ಏಕಾದಶಿಯ ದಿನ. ದಾರಿಯುದ್ದಕ್ಕೂ ಹಂಚುವುದು ಸಾಬೂದಾಣಿ ಖಿಚಡಿ, ಶೇಂಗಾ ಉಂಡೆ, ರಾಜಗಿರಾ ಲಾಡು, ಬಾಳೆಹಣ್ಣು. ಹೊಟ್ಟೆಗೇನೂ ಕಡಿಮೆಯಾಗದು, ಆದರೆ ಸಿಹಿಯೇ ಹೆಚ್ಚು, ಉಪ್ಪು ಕಡಿಮೆ. ಮೋಡ ಮುಸುಕಿದ್ದರೂ ಮೈ ಬೆವರುತ್ತಲೇ ಇರುತ್ತದೆ. ಮಳೆಗೆ ನೆನೆದ ಅಂಗಿಯಲ್ಲಿ ಬೆವರು ಕಾಣುವುದಿಲ್ಲ, ಬಾಯಾರಿಕೆಯೂ ಅಷ್ಟಾಗಿ ಅನಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪುಡಿ ಬೆರೆಸಿ, ಗುಟುಕು ಗುಟುಕಾಗಿ ಘಾಟಿನ ಬುಡದ ವಡಕಿ ತಲುಪುವುದರೊಳಗೆ ಮುಗಿಸಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಪಾಟು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪವಾಸಕ್ಕೆ ಇದು ನಡೆಯುತ್ತದೆಯೇ ಎಂಬುದು ಮನೆಮನೆಯ ಪದ್ಧತಿ. ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಈ ದಿನ ಉಪವಾಸ ಮಾಡಬಾರದು.

ಕಾಲಿನ ವಿಷಯಕ್ಕೆ ಬರೋಣ, ಎಲ್ಲ ನಿಂತಿರುವುದು ಅದರ ಮೇಲೆ. ಹೊಸ ಬೂಟು ಬೇಡ. ಬೂಟಿನೊಳಗೆ ಒಮ್ಮೆ ನೀರು ಹೊಕ್ಕರೆ ಸಾಸವಡದವರೆಗೂ ಆರುವುದಿಲ್ಲ, ನೆಂದ ಚರ್ಮ ಮೆತ್ತಗಾಗಿ ಕಾಲ್ಚೀಲದ ಹೊಲಿಗೆಗೇ ಸುಲಿಯುತ್ತದೆ. ಹವಾಯಿ ಚಪ್ಪಲಿ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ, ಗದ್ದಲದಲ್ಲಿ ಯಾರೋ ಹಿಮ್ಮಡಿ ತುಳಿದರೆ ಚಪ್ಪಲಿಯ ಪಟ್ಟಿ ಕಿತ್ತು ಹೋಗುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ, ಮೊದಲೇ ನಾಲ್ಕಾರು ವಾರ ಹಾಕಿ ಪಳಗಿಸಿದ ಸ್ಯಾಂಡಲ್ಲೇ ವಾಸಿ. ಹೊರಡುವ ಮುನ್ನ ಬೆರಳ ಸಂದಿ, ಹಿಮ್ಮಡಿ, ತೊಡೆಯ ಒಳಭಾಗಕ್ಕೆ ವ್ಯಾಸಲೀನ್ ದಪ್ಪಗೆ ಸವರಿ. ಜೀನ್ಸ್ ಹಾಕಿಕೊಂಡು ಬಂದವರ ತೊಡೆ ಮಂತರವಾಡಿ ದಾಟುವಷ್ಟರಲ್ಲಿ ಉರಿಯತೊಡಗುತ್ತದೆ.

ಬೊಬ್ಬೆ ಏಳುವ ಮೊದಲು ಆ ಜಾಗ ಬೆಚ್ಚಗಾಗಿ ಚುರುಚುರು ಅನ್ನುತ್ತದೆ. ಆಗಲೇ ಕೂರಬೇಕು, ‘ಮುಂದಿನ ಚಹಾದಂಗಡಿ ಬರಲಿ’ ಅನ್ನಬಾರದು. ಒಣ ಬಟ್ಟೆಯಿಂದ ಒತ್ತಿ ಒರೆಸಿ, ವ್ಯಾಸಲೀನಿನ ಜಿಡ್ಡನ್ನೂ ತೆಗೆದು, ಎರಡು ನಿಮಿಷ ಆರಿಸಿ, ಬಟ್ಟೆಯ ಮೆಡಿಕಲ್ ಟೇಪನ್ನು ಮೂಲೆ ದುಂಡಗೆ ಕತ್ತರಿಸಿ ಅಂಟಿಸಿ. ಮೂಲೆ ಚೂಪಾಗಿದ್ದರೆ ಟೇಪು ಅಲ್ಲಿಂದಲೇ ಏಳುತ್ತದೆ. ಒದ್ದೆ ಕಾಲಿಗೆ ಯಾವ ಟೇಪೂ ನಿಲ್ಲದು, ಆದ್ದರಿಂದ ಆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರೆಯಾಗಿಯೇ ಇಡಿ.

ಕೊಡೆ ತರಬೇಡಿ. ಗುಂಪಿನಲ್ಲಿ ಅದರ ಕಡ್ಡಿ ಪಕ್ಕದವರ ಕಣ್ಣಿಗೆ, ಘಾಟಿನಲ್ಲಿ ಕೊಡೆಯೇ ಗಾಳಿಗೆ. ಹಳೆಯ ವಾರಕರಿಗಳು ಹೊದೆಯುವ ಪ್ಲಾಸ್ಟಿಕ್ ಹಾಳೆ ರೇನ್‌ಕೋಟಿಗಿಂತ ಒಳ್ಳೆಯದು, ಒಳಗೆ ಗಾಳಿಯಾಡುತ್ತದೆ, ನಿಂತಾಗ ನೆಲಕ್ಕೆ ಹಾಸಲೂ ಬರುತ್ತದೆ. ಎರಡು ಮೀಟರ್ ಉದ್ದದ ದಪ್ಪ ಹಾಳೆಯನ್ನು ನಡುವೆ ಮಡಚಿ, ಮಡಿಕೆ ಇರುವ ಮೇಲಿನ ಮೂಲೆಯನ್ನು ದಾರದಿಂದ ಬಿಗಿದರೆ ನಮ್ಮೂರ ಕೊಪ್ಪೆಯೇ ಆಯಿತು.

ವಡಕಿಯಲ್ಲಿ ಪಲ್ಲಕ್ಕಿ ಮಧ್ಯಾಹ್ನ ವಿಶ್ರಮಿಸುತ್ತದೆ. ಅಲ್ಲಿ ತಾಸುಗಟ್ಟಲೆ ಒದ್ದೆ ಬಟ್ಟೆಯಲ್ಲಿ ಕೂತರೆ ಕಾಲು ಸೆಟೆದುಕೊಳ್ಳುತ್ತದೆ. ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಎದ್ದು ಓಡಾಡಿ. ಏರಿನಲ್ಲಿ ಹೆಜ್ಜೆ ಚಿಕ್ಕದಿರಲಿ, ಅಭಂಗದ ಒಂದು ಸಾಲನ್ನು ಉಸಿರು ಕಡಿಯದೆ ಹೇಳಲು ಬರುವಷ್ಟೇ ವೇಗ ಸಾಕು. ರಸ್ತೆ ಅಗಲ ಮಾಡಲು ಗುಡ್ಡ ಕಡಿದ ಕಡೆ ಮಳೆಗೆ ಕಲ್ಲು ಸಡಿಲುತ್ತವೆ. ಆ ಗೋಡೆಯ ಬುಡದಲ್ಲಿ ಕೂರಬೇಡಿ, ಮಸ್ತಾನಿ ಕೆರೆ ಚೆನ್ನಾಗಿ ಕಾಣುತ್ತದೆಂದು ಕಣಿವೆಯ ಕಡೆಯ ಕಟ್ಟೆಯನ್ನೂ ಹತ್ತಬೇಡಿ. ಪಲ್ಲಕ್ಕಿಯನ್ನು ಹೊತ್ತ ರಥಕ್ಕೆ ಇಲ್ಲಿ ಹೆಚ್ಚುವರಿ ಎತ್ತಿನ ಜೋಡಿಗಳನ್ನು ಕಟ್ಟುತ್ತಾರೆ. ಒದ್ದೆ ಡಾಂಬರಿನಲ್ಲಿ ಗೊರಸು ಜಾರಿದರೆ ಇಡೀ ಸಾಲು ಅಡ್ಡ ತಿರುಗುತ್ತದೆ. ಫೋಟೋಕ್ಕಾಗಿ ರಥದ ಹಿಂದೆಯಾಗಲಿ ತಿರುವಿನ ಒಳಬದಿಯಲ್ಲಾಗಲಿ ನಿಲ್ಲುವುದು ಶುದ್ಧ ಹುಚ್ಚು. ಪಲ್ಲಕ್ಕಿಯ ಜೊತೆ ನಡೆಯುವ ಅಶ್ವಗಳಿಂದಲೂ ದೂರವಿರಿ. (ಅವು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ. ಆ ಸಲಿಗೆ ಲೆಕ್ಕಕ್ಕಿಲ್ಲ!) ದಿಂಡಿಯ, ಅಂದರೆ ಭಜನೆ ಮಾಡುತ್ತ ಒಟ್ಟಾಗಿ ನಡೆಯುವ ತಂಡದ, ಸಾಲನ್ನು ನಡುವೆ ಕಡಿದು ದಾಟಬಾರದು. ದಾರಿ ಬೇಕಿದ್ದರೆ ‘ಮಾವುಲಿ’ (ತಾಯಿ; ವಾರಿಯಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಹೀಗೆ) ಅಂದು ಅಂಚಿನಿಂದ ಹೋಗಿ.

ಒಣ ಅಂಗಿಯನ್ನು ಘಾಟಿನ ಕೆಳಗೇ ಹಾಕಿಕೊಳ್ಳುವ ಆಸೆ ತಡೆದುಕೊಳ್ಳಿ. ಘಾಟದ ತಲೆಯಲ್ಲಿ ಬೆವರಿದ ಮೈಗೆ ಗಾಳಿ ಹೊಡೆದು ನಡುಕ ಹುಟ್ಟುತ್ತದೆ. ಒಣ ಅಂಗಿ ಬೇಕಾಗುವುದು ಅಲ್ಲಿ. ಬದಲಿಸಿ, ಮೇಲೆ ಕೊಪ್ಪೆ ಹೊದ್ದು, ನಿಲ್ಲದೆ ಮುಂದೆ ನಡೆಯಿರಿ, ಸಾಸವಡ ಇನ್ನೂ ಎರಡು ತಾಸಿನ ದಾರಿ. ಕತ್ತಲಾಗುವುದರಿಂದ ಸಣ್ಣ ಟಾರ್ಚ್ ಇರಲಿ. ಪಲ್ಲಕ್ಕಿಯ ದಿನ ದಿವೆ ಘಾಟದಲ್ಲಿ ವಾಹನ ಬಂದ್. ಪುಣೆಗೆ ಮರಳುವ ಬಸ್ಸುಗಳು ಬೋಪದೇವ ಘಾಟದ ಮೇಲೆ ಓಡುತ್ತವೆ. ಎಲ್ಲಿಂದ ಬಿಡುತ್ತಾರೆಂದು ಆ ವರ್ಷದ ಪ್ರಕಟಣೆಯನ್ನು ಹಿಂದಿನ ದಿನವೇ ನೋಡಿಕೊಳ್ಳಿ, ಚಿಲ್ಲರೆ ಹಣವನ್ನು ಒದ್ದೆಯಾಗದಂತೆ ಮೇಲಿನ ಕಿಸೆಯಲ್ಲೇ ಇಟ್ಟುಕೊಳ್ಳಿ.