ಹೊರತೊಡೆಯ ಉರಿನೋವಿಗೆ ಮೊದಲು ಸೊಂಟ ಸಡಿಲಿಸಿ

ತೊಡೆಯ ಹೊರಭಾಗ ಉರಿಯುವುದು, ಜೋಮು ಹಿಡಿಯುವುದು, ಬಟ್ಟೆ ಸೋಕಿದರೂ ಚುಚ್ಚಿದಂತಾಗುವುದು ತಿಂಗಳುಗಟ್ಟಲೆ ಮುಂದುವರಿದರೆ, ಅದು ವೈದ್ಯರು ‘ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ’ ಎಂದು ಕರೆಯುವ ತೊಂದರೆಯಾಗಿರಬಹುದು. ಸೊಂಟದ ಮುಂದಿನ ಎಲುಬಿನ ಪಕ್ಕದಲ್ಲಿ ಹಾದು ತೊಡೆಗೆ ಇಳಿಯುವ ನರವೊಂದು ಅಲ್ಲಿಯೇ ಅದುಮಿಕೊಳ್ಳುವುದರಿಂದ ಇದು ಬರುತ್ತದೆ. ಆದ್ದರಿಂದ ತೊಡೆಗೆ ಎಷ್ಟು ಎಣ್ಣೆ ತಿಕ್ಕಿದರೂ ಮೂಲಕ್ಕೆ ಮುಟ್ಟುವುದಿಲ್ಲ.

ಮೊದಲು ರೋಗವನ್ನು ಖಚಿತಪಡಿಸಿಕೊಳ್ಳಿ. ಈ ನರಕ್ಕೆ ಸ್ಪರ್ಶಜ್ಞಾನ ಮಾತ್ರ ಸೇರಿದ್ದು. ಕಾಲಿನ ಬಲ ಕುಗ್ಗುವುದಿಲ್ಲ. ಕಾಲು ಸೋಲುತ್ತಿದ್ದರೆ ಅಥವಾ ನೋವು ಬೆನ್ನಿನಿಂದ ಮೊಣಕಾಲಿನ ಕೆಳಕ್ಕೂ ಇಳಿಯುತ್ತಿದ್ದರೆ ಕಾರಣ ಬೇರೆ ಇರಬಹುದು, ವೈದ್ಯರಿಗೆ ತೋರಿಸಿ. ಮಲಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಸೊಂಟದ ಬಿಗಿತವನ್ನು ತೆಗೆಯುವುದು. ಸಂಜೆ ಬಟ್ಟೆ ಬದಲಿಸುವಾಗ ಲಂಗದ ಲಾಡಿಯೋ ಬೆಲ್ಟೋ ಮೂಡಿಸಿದ ಕೆಂಪು ಗೆರೆ ಆ ಎಲುಬಿನ ತುದಿಯ ಮೇಲೆಯೇ ಹಾದಿದೆಯೇ ಎಂದು ಬೆರಳಿಟ್ಟು ನೋಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ದಿನವಿಡೀ ನಿಲ್ಲುವವರು, ಕಳೆ ಕತ್ತರಿಸುವ ಯಂತ್ರದ ಪಟ್ಟಿಯನ್ನು ಬಿಗಿಯಾಗಿ ಎಳೆದುಕೊಳ್ಳುವವರು ಭಾರವನ್ನು ಹೆಗಲಿಗೆ ವರ್ಗಾಯಿಸುವುದು ಒಳ್ಳೆಯದು. ಹೀಗೆ ಕೆಲವು ವಾರ ಎಚ್ಚರ ವಹಿಸಿದರೆ ಹಲವರಿಗೆ ಬೇರೆ ಚಿಕಿತ್ಸೆಯೇ ಬೇಕಾಗುವುದಿಲ್ಲ. ಗರ್ಭಿಣಿಯರಲ್ಲಿ ಇದು ಸಾಮಾನ್ಯವಾಗಿ ಹೆರಿಗೆಯ ನಂತರ ತಾನಾಗಿ ಇಳಿಯುತ್ತದೆ.

ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಒಲೆಯ ಮುಂದೆ ಕೂರುವುದು, ಬಿಸಿನೀರಿನ ಚೀಲ ಇಟ್ಟುಕೊಳ್ಳುವುದು ರೂಢಿ. ಜೋಮು ಹಿಡಿದ ಚರ್ಮಕ್ಕೆ ಬಿಸಿ ಸರಿಯಾಗಿ ತಿಳಿಯದೆ ಬೊಬ್ಬೆ ಏಳುವ ಅಪಾಯವಿರುವುದರಿಂದ, ದಯವಿಟ್ಟು ಶಾಖವನ್ನು ಮೊದಲು ಅಂಗೈಯಲ್ಲಿ ಪರೀಕ್ಷಿಸಿ, ಬಟ್ಟೆ ಸುತ್ತಿ ಇಡಿ.

ಮೂರನೆಯದಾಗಿ, ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಿ. ಮಧುಮೇಹವಿರುವವರಲ್ಲಿ ನರಕ್ಕೆ ಬೇಗ ಪೆಟ್ಟಾಗುತ್ತದೆ. ಹೊಟ್ಟೆಯ ಬೊಜ್ಜು ಇಳಿದರೆ ಒತ್ತಡವೂ ಇಳಿಯುತ್ತದೆ.

ಇಷ್ಟಾದರೂ ಉರಿ ನಿದ್ದೆ ಕೆಡಿಸುತ್ತಿದ್ದರೆ ವೈದ್ಯರು ಗ್ಯಾಬಾಪೆಂಟಿನ್, ಪ್ರಿಗ್ಯಾಬಾಲಿನ್ ಅಥವಾ ಅಮಿಟ್ರಿಪ್ಟಿಲಿನ್‌ನಂತಹ ನರನೋವಿನ ಮಾತ್ರೆಗಳನ್ನು ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಇವು ಮಂಪರು ತರುವುದರಿಂದ ದೇಹ ಒಗ್ಗುವವರೆಗೆ ಮಡಿಕೇರಿಯ ತಿರುವುಗಳಲ್ಲಿ ವಾಹನ ಓಡಿಸಬೇಡಿ, ಕಳೆಯಂತ್ರ ಹಿಡಿಯಬೇಡಿ. ಮೂತ್ರಪಿಂಡದ ತೊಂದರೆಯಿದ್ದರೆ ಮೊದಲೇ ತಿಳಿಸಿ. ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲೂ ಬೇಡಿ. ಮಾತ್ರೆಗೂ ಬಗ್ಗದಿದ್ದರೆ ಆ ನರದ ಸುತ್ತ ಮರವಳಿಕೆ ಮದ್ದು ಮತ್ತು ಸ್ಟೀರಾಯ್ಡ್ ಚುಚ್ಚುಮದ್ದು ಕೊಡಿಸಬಹುದು. ಶಸ್ತ್ರಚಿಕಿತ್ಸೆ ಬೇಕಾಗುವವರು ಕೆಲವರು ಮಾತ್ರ.